ಓವನ್‌ಗೆ ಹಾಕಬಾರದಿದ್ದ ಹರಳುಗಳು

ನನ್ನ ಹಳೆಯ ಥೀಸಿಸ್ಸನ್ನು ಯಾರಾದರೂ ಓದಿಯಾರೆಂದು ನಾನು ಎಣಿಸಿರಲಿಲ್ಲ. ಕಾಲೇಜಿನ ಕೆಮಿಸ್ಟ್ರಿ ಪಾಠದಿಂದ ರಿಟೈರ್ ಆಗಿ, ಬೋಳಾರದ ಮನೆಯಲ್ಲಿ ಒಬ್ಬಳೇ ಇರುವುದು ಅಭ್ಯಾಸವಾದ ಮೇಲೆ, ಒಂದು ಮಧ್ಯಾಹ್ನ ಸುರತ್ಕಲ್ ಕಡೆಯ ಲ್ಯಾಬೊಂದರ ರಿಸರ್ಚ್ ಹುಡುಗಿ ಅದರ ಝೆರಾಕ್ಸ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಮೇಡಂ, ನೀವು ಮಾಡಿದ ಈ ಮಾಲಿಕ್ಯೂಲ್ ಉಂಟಲ್ಲ, ಅದನ್ನು ಕಂಪ್ಯೂಟರಿನಲ್ಲಿ ಎಷ್ಟೋ ರೀತಿ ಜೋಡಿಸಿ ನೋಡಿದೆವು. ಒಂದು ಜೋಡಣೆಯಲ್ಲಿ ಒಳಗೆಲ್ಲ ತೂತು ತೂತು ಬರ್ತದೆ. ಗ್ಯಾಸ್ ಹಿಡಿದಿಡ್ಲಿಕ್ಕೆ ಫಸ್ಟ್ ಕ್ಲಾಸ್. ನಿಮಗೆ ಹರಳು ಹೇಗೆ ಬಂದಿತ್ತು?"

ಸೂಜಿಯಂತೆ, ನೀರಿನಷ್ಟು ತಿಳಿಯಾಗಿ ಬಂದಿತ್ತು. ಆದರೆ ಅನಾಲಿಸಿಸ್‌ಗೆ ಕಳುಹಿಸಿದಾಗೆಲ್ಲ ರಿಪೋರ್ಟ್ ತಾಳೆಯಾಗಲಿಲ್ಲ. "ಸಾಲ್ವೆಂಟ್ ಬಿಟ್ಟಿಲ್ಲ, ಸರಿಯಾಗಿ ಒಣಗಿಸಮ್ಮಾ" ಎಂದರು ನನ್ನ ಗೈಡ್; ಹರಳು ಬೆಳೆಸಿದ ದ್ರವ ಇನ್ನೂ ಒಳಗೆ ಉಳಿದಿದೆ ಎಂದು ಅರ್ಥ. ಕಾನ್ವೆಂಟಿನಲ್ಲಿ ಕಲಿತವಳು ನಾನು, ಹೇಳಿದ್ದನ್ನು ಮಾಡುವವಳು. ಓವನ್ನಿನಲ್ಲಿಟ್ಟೆ. ಹರಳು ಮಂಜಾಗಿ, ಬಿರಿದು, ಮೈದಾ ಹಿಟ್ಟಿನಂತಾಯಿತು. ರಿಪೋರ್ಟ್ ಸರಿಬಂತು, ಡಿಗ್ರಿಯೂ ಬಂತು. ಸಾಲ್ವೆಂಟ್ ಕುಳಿತಿದ್ದದ್ದು ಈ ತೂತುಗಳಲ್ಲೇ ಎಂದು, ಬಿಸಿಗೆ ಅದು ಒಮ್ಮೆಲೇ ಹೊರಟಾಗ ಒಳಗಿನ ಗೋಡೆಗಳೆಲ್ಲ ಕುಸಿದವೆಂದು ಆಗ ನನಗೆ ಹೊಳೆಯಲಿಲ್ಲ.

ಹುಡುಗಿಗೆ ಇದನ್ನು ಹೇಳುವಾಗ ನಾಚಿಕೆಯಾಯಿತು. ಅವಳು ನಕ್ಕಳು. "ಹಾಗಾದ್ರೆ ನೀವು ಅದನ್ನು ಸುಟ್ಟು ಪಾಸಾದದ್ದಾ?"

"ಸುಟ್ಟದ್ದಲ್ಲ ಮಾರಾಯ್ತಿ, ಒಣಗಿಸಿದ್ದು."

ನನಗೆ ನೆನಪಿದ್ದ ಸಾಲ್ವೆಂಟಿನಲ್ಲೇ ಅವಳು ಹೊಸದಾಗಿ ಹರಳು ಬೆಳೆಸಿದಳು. ಈ ಸಲ ಓವನ್ ಇಲ್ಲ. ಸೀಸೆಯಲ್ಲಿನ ಸಾಲ್ವೆಂಟನ್ನು ದಿನವೂ ಬಗ್ಗಿಸಿ, ಬೇಗ ಆವಿಯಾಗುವ ಬೇರೊಂದು ದ್ರವವನ್ನು ಹಾಕಬೇಕು. ಹಳೆಯದು ಪೂರ್ತಿ ಹೋದ ಮೇಲೆ, ಬಿಸಿ ಮಾಡದೆ ವ್ಯಾಕ್ಯೂಮಿನಲ್ಲಿಟ್ಟು ಹೊಸದನ್ನೂ ಎಳೆದು ತೆಗೆಯಬೇಕು. ಆಮೇಲೂ ತೂತುಗಳು ಕುಸಿಯದೆ ನಿಂತರೆ ಗೆದ್ದಂತೆ. ದ್ರವ ಬದಲಿಸುವ ಹತ್ತು ನಿಮಿಷದ ಆ ಕೆಲಸಕ್ಕೆ ನಾನು ದಿನವೂ ಎರಡು ಬಸ್ಸು ಹತ್ತಿ ಹೋದೆ. ಕಾಟಿಪಳ್ಳದ ಅವಳ ಮನೆಯಿಂದ ಬನ್ಸ್ ಬರುತ್ತಿತ್ತು. ಸೀಸೆಯೊಳಗೆ ಹರಳು ತಳಕ್ಕೆ ಕೂರುವವರೆಗೆ ನಾವು ಮಾತಾಡುತ್ತಿದ್ದೆವು. ಎಷ್ಟೋ ವರ್ಷಗಳಿಂದ ನನ್ನ ಬಾಯಲ್ಲಿ ಬಾರದಿದ್ದ ಫಿಲ್ಟ್ರೇಟ್, ಯೀಲ್ಡ್ ಎಂಬ ಶಬ್ದಗಳು ಅಲ್ಲಿ ತಾವಾಗಿ ಬರುತ್ತಿದ್ದವು.

ಶುಕ್ರವಾರ ಟೆಸ್ಟ್ ಮಾಡಿದಾಗ ಹಳೆಯ ಸಾಲ್ವೆಂಟ್ ಕಾಣಲಿಲ್ಲ.

"ಇವತ್ತೇ ವ್ಯಾಕ್ಯೂಮಿಗೆ ಇಡುವಾ ಮೇಡಂ?"

"ಇನ್ನೊಂದು ದಿನ ಬದಲಿಸುವ. ರಿಸ್ಕ್ ಬೇಡ."

ಹಿರಿಯಳೆಂದು ಒಪ್ಪಿದಳು. ಶನಿವಾರವೂ ಅದನ್ನೇ ಹೇಳಿದೆ. ಸೋಮವಾರ ಬಾಯಿ ತೆರೆಯುವ ಮೊದಲೇ ಅವಳು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಟೆಸ್ಟಿನಲ್ಲಿ ಎಂತ ಸಹ ಇಲ್ಲ ಮೇಡಂ. ಇನ್ನು ಬದಲಿಸಿ ಎಂತ ಮಾಡುದು? ನೋಡಿ, ಇದ್ದದ್ದೇ ಕರಗ್ತಾ ಉಂಟು."

ನಿಜ. ಪ್ರತಿ ಸಲ ಹೊಸ ದ್ರವ ಬಿದ್ದಾಗ ಹರಳು ಒಂದಿಷ್ಟು ಕರಗಿ, ಸೀಸೆಯ ತಳ ಅಲ್ಲಲ್ಲಿ ಕಾಣತೊಡಗಿತ್ತು. ಅದು ನನಗೆ ಶನಿವಾರವೇ ಕಂಡಿತ್ತು. ಇನ್ನೊಂದು ದಿನ ಬೇಕಾಗಿದ್ದದ್ದು ಹರಳಿಗಲ್ಲ, ನನಗೆ. ಒಮ್ಮೆ ಗೈಡಿನ ಭಯಕ್ಕೆ ಕೆಡಿಸಿದ್ದನ್ನು ಈಗ ಆಸೆಗೆ ಕೆಡಿಸಲು ಹೊರಟಿದ್ದೆ.

"ಇಡು," ಎಂದೆ. ಅವಳ ಜೊತೆ ಬನ್ಸ್ ತಿಂದು, ಬೇಗನೇ ಬಸ್ಸಿಗೆ ಹೊರಟೆ.

ಗುರುವಾರ ಫೋನ್ ಬಂತು. "ಮೇಡಂ, ತೂತು ಕುಸಿಯದೆ ನಿಂತಿದೆ! ಗ್ಯಾಸ್ ಒಳಗೆ ಹೋಗ್ತಾ ಉಂಟು!"

"ನಾಳೆ ಬಂದು ನೋಡಲಾ?"

"ಗ್ರಾಫ್ ವಾಟ್ಸಾಪ್ ಮಾಡಿದ್ದೇನೆ ಮೇಡಂ. ನಾಳೆಯಿಂದ ನಾನು ಬರೀ ಪೇಪರ್ ಬರೆಯುದು. ಸುಮ್ಮನೆ ಎರಡು ಬಸ್ಸು ಹತ್ತಿ ನೀವು ಯಾಕೆ ಬರುದು?"

ನನ್ನ ಮೊಣಕಾಲಿನ ನೋವನ್ನು ನೆನೆದೇ ಹೇಳಿದ್ದಳು, ಪಾಪ. ಕನ್ನಡಕ ಹಾಕಿಕೊಂಡು ಫೋನಿನ ಮೇಲಿನ ಆ ಗೆರೆಯನ್ನು ದೊಡ್ಡದು ಮಾಡಿ ನೋಡಿದೆ. ಚಂದಕ್ಕೆ ಮೇಲೇರಿತ್ತು. 'ವೆರಿ ಗುಡ್' ಎಂದು ಟೈಪ್ ಮಾಡಿದೆ. ಇನ್ನೂ ಬರೆಯುವುದಿತ್ತು. ಬರೆದರೆ ದಾಕ್ಷಿಣ್ಯಕ್ಕೆ ಕರೆದಾಳೆಂದು ಅಷ್ಟನ್ನೇ ಕಳುಹಿಸಿದೆ.