ತಕ್ಕಡಿ ಡಾಕ್ಟರಬಾಯಿ

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದಿಂದ ಭಾಲ್ಕಿ, ಔರಾದ ಕಡೆ ಎಲ್ಲಿ ಹೆರಿಗೆಯಾದರೂ ಡಾಕ್ಟರ್ ಜಿಜಾಬಾಯಿ ಹೆಗಲಿಗೆ ತಕ್ಕಡಿ ಏರಿಸಿಕೊಂಡು ಹಾಜರು. ಅಳು ಕೇಳಿಯೇ ಕೂಸಿನ ತೂಕ ಹೇಳಬಲ್ಲರೆಂದು ಜನ ನಂಬಿದ್ದರು. ಅವರ ಟೈಪಿಸ್ಟನಾದ ನಾನೂ ನಂಬಿದ್ದೆ. ಬಾಣಂತಿಯ ಮೊದಲ ಹಾಲು ಚೆಲ್ಲಿಸುವ ಅತ್ತೆಯರನ್ನು ಕಂಡರೆ ಗುಡುಗುತ್ತಿದ್ದರು: “ಎಮ್ಮಿ ಗಿಣ್ಣ ಚಪ್ಪರಿಸಿ ತಿಂತೀರಿ, ಸೊಸಿ ಮೊದಲ ಹಾಲು ಯಾಕ ಚೆಲ್ತೀರಿ?” ಆರು ವರ್ಷದ ಈ ಅಲೆದಾಟ ಕೊನೆಗೆ ಕೂಸುಗಳ ತೂಕದ ಕುರಿತ ಪ್ರಬಂಧವಾಗಿ ಅಚ್ಚಾಯಿತು. ಟೈಪು ಮಾಡಿದವನು ನಾನೇ. ಅದರಲ್ಲಿ ಕೂಸುಗಳಿಗೆಲ್ಲ ಬರೀ ನಂಬರು. ಒಮ್ಮೆ ಅವರ ಸ್ವಂತ ಪ್ರತಿ ತೆರೆದೆ. ಹನ್ನೆರಡನೆಯ ದಿನದ ನಾಮಕರಣಕ್ಕೂ ಮೊದಲೇ ತೀರಿಕೊಂಡ ಮೂವತ್ತೊಂದು ಕೂಸುಗಳ ನಂಬರಿನ ಪಕ್ಕ, ಪೆನ್ಸಿಲಿನಲ್ಲಿ, ಅವರೇ ಒಂದೊಂದು ಹೆಸರಿಟ್ಟಿದ್ದರು.