ಲೆಬಾನಾ ಮುದುಕನ ಹಸುಗಳು ಟಿರೆಲೊ ಹೆಸರಿಗೆ ಹೋದದ್ದು

“ನನ್ನ ಡೇಟಾಬೇಸಿನಿಂದ ಒಂದು ಹಸು ತಪ್ಪಿಸ್ಕೋಬೇಕಾದ್ರೆ ಅದಕ್ಕೆ ರೆಕ್ಕೆ ಬರ್ಬೇಕು. ಬಂದ್ಮೇಲೂ ಹಾರೋಕೆ ಮುಂಚೆ ನನ್ನ ಅಪ್ಪಣೆ ಕೇಳ್ಬೇಕು. ಒಂದು ಹಸು ಅಂದ್ರೆ ಒಬ್ಬ ಒಡೆಯ. ದೇವರೇ ಇಳಿದು ಬಂದು ಎರಡನೇ ಹೆಸರು ಬರಿ ಅಂದ್ರೂ ನನ್ನ ಟೇಬಲ್ಲು ಬಾಗಿಲು ತೆಗೆಯಲ್ಲ!”

ಸೆಲೋಕ್ವಾನೆಯ ದನಗಾರರ ಸಹಕಾರ ಸಂಘದ ಅಂಗಳದಲ್ಲಿ ನಿಂತು ಮೊಸಿಮನೆಗಾಪೆ ಈ ಮಾತನ್ನು ಹೇಳದ ದಿನವಿರಲಿಲ್ಲ. ಕೇಳುವವರು ಸಿಗದ ದಿನ ಬೇಲಿಯ ಕಂಬಕ್ಕೆ ಹೇಳುತ್ತಿದ್ದ. ಕಂಬ ತಲೆದೂಗಿತೆಂದು ಅವನೇ ಮರುದಿನ ವರದಿ ಮಾಡುತ್ತಿದ್ದ.

ಆ ಉದ್ದ ಹೆಸರಿನ ಅರ್ಥ ‘ಮತ್ತೂ ಗಂಡು’ ಎಂದು. ಮನೆ ತುಂಬ ಗಂಡುಮಕ್ಕಳಾದ ಮೇಲೆ ಈ ಸಲವಾದರೂ ಹೆಣ್ಣಾಗಲಿ ಎಂದು ಕಾದು ಕೂತಿದ್ದ ಅಪ್ಪ, ಸೂಲಗಿತ್ತಿಯ ಬಾಯಿಂದ ಬಂದ ಸುದ್ದಿಯನ್ನೇ ಹೆಸರಾಗಿ ಇಟ್ಟು ದನದ ಬೀಡಿಗೆ ಹೊರಟುಹೋದನಂತೆ. ಊರು ಅದನ್ನು ಗಾಪೆ ಎಂದು ಮೊಟಕು ಮಾಡಿಕೊಂಡಿತು. ಗಾಪೆ ರಾಜಧಾನಿ ಗ್ಯಾಬರೋನಿಗೆ ಹೋಗಿ, ವಿಮೆ ಕಚೇರಿಯೊಂದರಲ್ಲಿ ಪ್ರೋಗ್ರಾಮ್ ಬರೆಯುತ್ತಾ ಮನುಷ್ಯರನ್ನು ನಂಬರಿನಿಂದಲೇ ಗುರುತಿಸುವ ಮಟ್ಟಕ್ಕೆ ಬಂದ. ಒಂದು ದಿನ ಸ್ವಂತ ಹೆಂಡತಿಯನ್ನು ನಂಬರು ಹಿಡಿದು ಕರೆದನಂತೆ. ಆಕೆ ಆ ವಾರವೇ ಗಂಟುಮೂಟೆ ಕಟ್ಟಿಸಿ ಅವನನ್ನು ಊರಿಗೆ ಎಳೆದು ತಂದಳು.

ಸಂಘದವರು ಕೊಟ್ಟ ಕೋಣೆಯಲ್ಲಿ ಹಿಂದೆ ದನಗಳಿಗೆ ನೆಕ್ಕಲು ಕೊಡುವ ಉಪ್ಪಿನ ಗಟ್ಟಿಗಳನ್ನು ಒಟ್ಟಿಡುತ್ತಿದ್ದರು. ಗೋಡೆಗೆ ಇನ್ನೂ ಆ ರುಚಿಯಿತ್ತು. ದಾರಿಹೋಕ ದನಗಳೆಲ್ಲ ನಿಂತು ನೆಕ್ಕಿ ನೆಕ್ಕಿ ಗೋಡೆ ಹಪ್ಪಳದಷ್ಟು ತೆಳ್ಳಗಾಗಿತ್ತು. ಆಚೆ ಹಸು ಸೀನಿದರೆ ಈಚೆ ಕೀಲಿಮಣೆ ಒದ್ದೆ. ಆ ಕೋಣೆಯಲ್ಲೇ ಕೂತು ಗಾಪೆ ಇಡೀ ಸೀಮೆಯ ದನಗಳಿಗೆ ಒಂದು ಡೇಟಾಬೇಸ್ ಕಟ್ಟಿದ. ಹಸುಗಳದೊಂದು ಕೋಷ್ಟಕ, ಜನರದೊಂದು ಕೋಷ್ಟಕ, ಹಸುವಿನ ಸಾಲಿನಿಂದ ಒಡೆಯನ ಸಾಲಿಗೆ ಒಂದು ಕೊಂಡಿ. ರೋಗ ಹರಡದಂತೆ ಸರ್ಕಾರ ಹಾಕಿದ ಬೇಲಿಯ ಗೇಟು ದಾಟಲು ಯಾವ ದನಕ್ಕೂ ರಹದಾರಿ ಬೇಕು. ಒಡೆಯ ಬಂದು ಕೇಳಿದರೆ ಯಂತ್ರ ಕೊಂಡಿ ಹಿಡಿದು ನೋಡಿ ರಹದಾರಿ ಅಚ್ಚು ಹಾಕುತ್ತಿತ್ತು. ಒಡೆಯನಲ್ಲದವನಿಗೆ ಇಲ್ಲ.

ಒಂದು ಬುಧವಾರ ಬೆಳಿಗ್ಗೆ, ಗುಮಾಸ್ತೆ ಮ್ಮಾ ಸೆನ್ವೆಲೊ ಬಿಸಿ ಮಾಗ್ವಿನ್ಯಾ ಕಟ್ಟಿಸಿಕೊಂಡು ಬಂದು, ಗಾಪೆ ಮೊದಲನೆಯ ಬೋಂಡಾಕ್ಕೆ ಬಾಯಿ ಹಾಕುವಷ್ಟರಲ್ಲಿ ಇಬ್ಬರು ಮುದುಕರು ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದರು. ಒಬ್ಬ ಲೆಬಾನಾ, ಇನ್ನೊಬ್ಬ ಅವನ ಬಾಲ್ಯದ ಗೆಳೆಯ ಟಿರೆಲೊ. ಲೆಬಾನಾನ ಮಗ ಕಾಗೊಗೆ ಶನಿವಾರ ಮದುವೆ. ಹೆಣ್ಣಿನ ಮನೆಗೆ ಬೊಗಾಡಿಯ, ಅಂದರೆ ಗಂಡಿನ ಕಡೆಯವರು ಕೊಡುವ ತೆರದ, ದನಗಳು ಶನಿವಾರ ಸೂರ್ಯ ಹುಟ್ಟುವ ಮುಂಚೆ ಹೋಗಿ ಅವರ ದೊಡ್ಡಿ ಸೇರಬೇಕು. ಹೆಣ್ಣಿನ ಮನೆ ಬೇಲಿಯ ಆಚೆಗಿತ್ತು.

ಮ್ಮಾ ಸೆನ್ವೆಲೊ ಹೆಸರು ಒತ್ತಿದಳು. ಪರದೆ ನೋಡಿದಳು. ಮತ್ತೆ ಒತ್ತಿದಳು. ಹೆಂಗಸಿಗೆ ಮ್ಮಾ ಎನ್ನುವಂತೆ ಗಂಡಸಿಗೆ ಸಲ್ಲುವ ‘ರ್ರಾ’ ಎಂಬ ಮರ್ಯಾದೆ ಸೇರಿಸಿಯೇ ಹೇಳಿದಳು:

“ರ್ರಾ ಲೆಬಾನಾ, ಇದರಲ್ಲಿ ನಿಮ್ಮ ಹೆಸರಲ್ಲಿ ದನಾನೇ ಇಲ್ಲ. ಎಲ್ಲಾ ಈ ರ್ರಾ ಟಿರೆಲೊ ಹೆಸರಲ್ಲಿವೆ.”

ಲೆಬಾನಾನಿಗಿಂತ ಮೊದಲು ಟಿರೆಲೊ ಹೌಹಾರಿದ. “ನನ್ನವಲ್ಲ! ನನ್ನವಲ್ಲ ಕಣಮ್ಮಾ! ನನ್ನ ದೊಡ್ಡೀಲಿ ಮೇಯ್ತಾವೆ, ಅಷ್ಟೆ. ಮಾಫಿಸಾ ದನ ಅವು.”

ಹಸು ಒಬ್ಬನದು, ಮೇಯಿಸುವವನು ಇನ್ನೊಬ್ಬ; ಹಾಲು ಮೇಯಿಸಿದವನಿಗೆ, ಒಡೆಯನಿಗೆ ಮನಸ್ಸು ಬಂದಾಗ ಒಂದು ಕರುವೂ ಅವನಿಗೇ. ಮಾಫಿಸಾ ಎಂದರೆ ಇದು, ಆ ಊರಿನ ಕೂಸಿಗೂ ಗೊತ್ತು. ಆದರೆ ಗಾಪೆ ಎದ್ದು ಬಂದು, ಬಾಯಿಯ ಬೋಂಡಾ ನುಂಗಿ, “ಯಂತ್ರ ಸುಳ್ಳು ಹೇಳಲ್ಲ ರ್ರಾ. ಯಾವಾಗಲೋ ನೀವೇ ಮಾರಿರ್ಬೇಕು, ಮರೆತಿದ್ದೀರಿ” ಎಂದ.

“ಹೆಂಡ್ತಿ ಹುಟ್ಟಿದೂರು ಮರೀಬಹುದು, ಹಸು ಮಾರಿದ್ದು ಮರೀತೀನೇನಯ್ಯಾ?” ಲೆಬಾನಾನ ಮೀಸೆ ಗರಿಗೆದರಿತು.

ದನ ತನ್ನದೆಂದು ಜಗಳ ಆಡುವವರನ್ನು ಆ ಕಚೇರಿ ದಿನವೂ ನೋಡುತ್ತಿತ್ತು. ತನ್ನದಲ್ಲವೆಂದು ಟೋಪಿ ಹಿಂಡುತ್ತಾ ನಿಂತವನನ್ನು ಇದೇ ಮೊದಲು ನೋಡಿದ್ದು. ಮ್ಮಾ ಸೆನ್ವೆಲೊ ಸುಲಭದ ದಾರಿ ತೋರಿಸಿದಳು: “ರಹದಾರಿ ರ್ರಾ ಟಿರೆಲೊ ಹೆಸರಲ್ಲೇ ಮಾಡಿಸ್ಬಿಡಿ. ದನ ದಾಟಿದ್ರೆ ಆಯ್ತಲ್ಲ?”

“ಆಗ ಬೊಗಾಡಿ ಯಾರು ಕೊಟ್ಟ ಹಾಗಾಯ್ತು?” ಎಂದ ಲೆಬಾನಾ. “ಹುಡುಗಿ ಸೋದರಮಾವ ಮೊಸೊಜಾನೆ ಕಾಗದ ಓದೋ ಮನುಷ್ಯ. ಬೊಗಾಡಿ ಕೊಟ್ಟ ಮನೆಗೇ ಮಕ್ಕಳು ಸೇರೋದು; ದನ ಟಿರೆಲೊಂದು ಅಂದ್ರೆ ಹುಟ್ಟೋ ಮಕ್ಕಳೂ ಟಿರೆಲೊ ಮನೆಯವು. ನಾನು ಮೊಮ್ಮಕ್ಕಳನ್ನ ಇವನ ಹತ್ರ ಮಾಫಿಸಾ ಬೇಡ್ಕೊಂಡು ಆಡಿಸ್ಬೇಕಾ?”

“ಹಾಗಾದ್ರೆ ರ್ರಾ ಟಿರೆಲೊ ನಿಮಗೆ ಮಾರಿದ ಹಾಗೆ ಬರ್ಕೊಳ್ಳೋಣ,” ಎಂದ ಗಾಪೆ.

“ನಂದಲ್ಲದ್ದನ್ನ ನಾನು ಮಾರೋದಾ?” ಟಿರೆಲೊ ಟೋಪಿಯನ್ನು ಇನ್ನಷ್ಟು ಹಿಂಡಿದ. “ನಮ್ಮಪ್ಪ ಗೋರಿಯಿಂದ ಎದ್ದು ಬಂದು ಕೋಲಲ್ಲಿ ಹೊಡೀತಾನೆ. ಬದುಕಿದ್ದಾಗಲೇ ಗುರಿ ತಪ್ಪುತ್ತಿರಲಿಲ್ಲ ಅವನದು.”

ಗಾಪೆ ಮೊದಲು ತಪ್ಪನ್ನು ಮ್ಮಾ ಸೆನ್ವೆಲೊಳ ಬೆರಳಿನ ಮೇಲೆ ಹಾಕಿದ. ಆಮೇಲೆ ವಿದ್ಯುತ್ತಿನ ಮೇಲೆ, ಆಮೇಲೆ ಗೋಡೆ ನೆಕ್ಕುವ ದನಗಳ ಮೇಲೆ. ಯಂತ್ರವನ್ನು ಆರಿಸಿ ಹಚ್ಚಿದ. ಎಚ್ಚರವಾದ ಯಂತ್ರ ಮೊದಲಿನಷ್ಟೇ ಗಂಭೀರವಾಗಿ ‘ಟಿರೆಲೊ’ ಎಂದಿತು. ದೂರಲು ಯಾರೂ ಉಳಿಯದಾಗ ಕನ್ನಡಕ ಏರಿಸಿ ನಿಜವಾದ ಕೆಲಸಕ್ಕೆ ಕೂತ.

ಕೂತನೆಂದರೆ ಗಾಪೆ ಬೇರೆಯೇ ಮನುಷ್ಯ. ಬಾಯಿ ಮುಚ್ಚಿ ಕಣ್ಣು ಮಾತ್ರ ಓಡುತ್ತಿತ್ತು. ಲೆಬಾನಾನ ಒಂದೊಂದು ಹಸುವಿನ ಸಾಲು ಯಾವಾಗ ಬದಲಾಯಿತೆಂದು ಕೇಳಿದ. ಎಲ್ಲವೂ ಒಂದೇ ದಿನ ಬದಲಾಗಿದ್ದವು. ಅದು ಟಿರೆಲೊನ ದೊಡ್ಡಿಯ ಕಡೆ ದನಗಳಿಗೆ ಲಸಿಕೆ ಹಾಕಿದ ದಿನ. ಬೇರೆ ದೊಡ್ಡಿಗಳನ್ನು ನೋಡಿದ. ಅಲ್ಲೂ ಲಸಿಕೆಯ ದಿನವೇ ಒಡೆಯರು ಬದಲಾಗಿದ್ದರು. ಸೂಜಿ ಚುಚ್ಚಿದ್ದು ಹಸುವಿಗೆ, ಜ್ವರ ಬಂದದ್ದು ಒಡೆತನಕ್ಕೆ.

ಲಸಿಕೆಯ ಕೋಷ್ಟಕದ ಹಿಂದೆ ಒಂದು ಟ್ರಿಗರ್ ಇತ್ತು. ಇಂಥದ್ದು ನಡೆದಾಗ ಅಂಥದ್ದು ಮಾಡು ಎಂದು ಡೇಟಾಬೇಸಿನ ಕಿವಿಯಲ್ಲಿ ಹೇಳಿಟ್ಟ ಸದ್ದಿಲ್ಲದ ಅಪ್ಪಣೆ. ಹಸುವನ್ನು ಲಸಿಕೆಗೆ ಹಿಡಿದು ತಂದವನೇ ಅದರ ಒಡೆಯ, ಹೆಸರು ಬೇರೆಯಿದ್ದರೆ ತಿದ್ದು ಎಂದಿತ್ತು ಅದು. ದನ ಕೊಂಡವರು ಹೆಸರು ಬದಲಾಯಿಸಲು ಕಚೇರಿಗೆ ಅಲೆಯದಿರಲಿ ಎಂದು ಯಾರೋ ಪುಣ್ಯಾತ್ಮರು ಬರೆದದ್ದು. ಮೇಲೆ ಒಂದು ಸಾಲಿನ ಟಿಪ್ಪಣಿಯೂ ಇತ್ತು. ಮ್ಮಾ ಸೆನ್ವೆಲೊ ಅವನ ಭುಜದ ಮೇಲಿಂದ ಬಗ್ಗಿ ಗಟ್ಟಿಯಾಗಿ ಓದಿದಳು.

“‘ಬಹಳ ಜಾಣತನದ ಕೆಲಸ. ಯಾರೂ ಮುಟ್ಟಬಾರದು. ಇಂತಿ, ಗಾಪೆ.’”

ಗೋಡೆಯಾಚೆ ಹಸುವೊಂದು ನೆಕ್ಕುತ್ತಲೇ ಇತ್ತು.

ಗಾಪೆಗೆ ಇನ್ನೊಂದು ಅನುಮಾನ ಬಂತು. ಅವನ ಎರಡು ಹಸುಗಳು ಮೊಶೂಪಾ ದಾರಿಯಲ್ಲಿ ಅವನ ಸೋದರಮಾವನ ದೊಡ್ಡಿಯಲ್ಲಿ ಮಾಫಿಸಾ ಇದ್ದವು. ಮೆಲ್ಲಗೆ ತನ್ನ ಹೆಸರನ್ನೇ ಒತ್ತಿದ. ‘ಸಾಲುಗಳು: ಸೊನ್ನೆ.’

“ಅಯ್ಯೋ,” ಎಂದಳು ಮ್ಮಾ ಸೆನ್ವೆಲೊ, “ಹಾರೋಕೆ ಮುಂಚೆ ಅವು ಅಪ್ಪಣೆ ಕೇಳಿದ್ವಾ ರ್ರಾ?” ಅವಳು ನಕ್ಕ ರಭಸಕ್ಕೆ ತಗಡಿನ ಮಾಡಿನ ಮೇಲಿದ್ದ ಕೋಳಿ ಎರಡು ಮನೆ ಆಚೆ ಹೋಗಿ ಮೊಟ್ಟೆ ಇಟ್ಟಿತು.

ಲೆಬಾನಾ ನಗಲಿಲ್ಲ. “ಮಾರಾಯಾ, ನಿನ್ನ ತಪ್ಪು ನಿನಗಿರ್ಲಿ. ನನ್ನ ಹುಡುಗನ ಮದುವೆ ನಿಲ್ಲುತ್ತಾ?”

“ನಿಲ್ಲಲ್ಲ,” ಎಂದ ಗಾಪೆ. ಅಷ್ಟು ಚಿಕ್ಕ ವಾಕ್ಯವನ್ನು ಅವನ ಬಾಯಿಂದ ಆ ಕಚೇರಿ ಕೇಳಿದ್ದು ಅದೇ ಮೊದಲು.

ಮೊದಲು ಆ ಟ್ರಿಗರನ್ನು ಕಿತ್ತು ಹಾಕಿದ. ಆಮೇಲೆ ಮೂಲಕ್ಕೆ ಮತ್ತೆ ಕೈ ಹಚ್ಚದೆ ಇಡೀ ಡೇಟಾಬೇಸಿನ ಒಂದು ನಕಲು ತೆಗೆದ. ಮುಂದಿನ ರಿಪೇರಿಯೆಲ್ಲ ನಕಲಿನ ಮೇಲೆ.

“ಮೇಯಿಸೋನು ಅಂತ ಇನ್ನೊಂದು ಕಾಲಮ್ ಸೇರಿಸ್ಬಿಡಿ, ಮುಗೀತಲ್ಲ,” ಎಂದಳು ಮ್ಮಾ ಸೆನ್ವೆಲೊ.

“ಟಿರೆಲೊ ನಾಳೆ ಅವನ್ನ ತಮ್ಮನ ಮನೇಗೆ ಬಿಟ್ರೆ? ನಾಡಿದ್ದು ವಾಪಸ್ ತಂದ್ರೆ? ಕರು ಕೊಡ್ತೀನಿ ಅಂತ ಮಾತಾಗಿದ್ರೆ ಅದನ್ನ ಎಲ್ಲಿ ಬರೀಲಿ, ಹಸುವಿನ ಬಾಲದ ಮೇಲಾ? ಒಂದೊಂದು ಸಂಬಂಧಕ್ಕೂ ಒಂದೊಂದು ಕಾಲಮ್ ಹಾಕ್ತಾ ಹೋದ್ರೆ ಟೇಬಲ್ಲು ಜೋಹಾನ್ಸ್‌ಬರ್ಗ್ ಮುಟ್ಟುತ್ತೆ.”

ಅವನು ಹೊಸದೊಂದು ಕೋಷ್ಟಕ ಹಾಕಿದ. ಅದರ ಪ್ರತಿ ಸಾಲೂ ಒಂದು ಸಂಬಂಧ: ಯಾವ ಹಸು, ಯಾವ ಮನುಷ್ಯ, ಏನಾಗಬೇಕು, ಎಂದಿನಿಂದ, ಎಂದಿನವರೆಗೆ. ಒಡೆಯ ಒಂದು ಸಾಲು, ಮೇಯಿಸುವವನು ಇನ್ನೊಂದು ಸಾಲು. ಒಂದೇ ಹಸುವಿನ ಮುಂದೆ ಇಬ್ಬರು ಮುದುಕರು ಕುರ್ಚಿ ಹಾಕಿ ಕೂರಬಹುದು, ಮೈ ತಗಲುವುದಿಲ್ಲ. ಒಡೆಯನ ಸಾಲು ಮಾತ್ರ ಒಂದು ಹೊತ್ತಿಗೆ ಒಂದೇ ಇರಬೇಕೆಂದು ಕಟ್ಟಳೆ ಹಾಕಿ ತನ್ನ ಹಳೆಯ ಜಂಬಕ್ಕೂ ಒಂದು ಮೂಲೆ ಉಳಿಸಿಕೊಂಡ.

ನಿಜವಾದ ಒಡೆಯರನ್ನು ಹುಡುಕುವುದು ಹೇಗೆ? ದನದ ಮೈಮೇಲಿನ ಬರೆಯ ಗುರುತು ಹಸುವಿನ ಸಾಲಿನಲ್ಲಿತ್ತು. ಗಾಪೆಯ ಜಾಣತನ ಅದನ್ನು ಮುಟ್ಟಿರಲಿಲ್ಲ. ಯಾವ ಗುರುತು ಯಾವ ಮನೆಯದೆಂಬ ಪಟ್ಟಿಯನ್ನು ಅದಕ್ಕೆ ಜೋಡಿಸಿದ. ಹಸುಗಳು ಬಾಲ ಎತ್ತಿಕೊಂಡು ತಮ್ಮ ತಮ್ಮ ಒಡೆಯರ ಹತ್ತಿರ ಓಡಿಬಂದವು. ಗಾಪೆಯ ಎರಡೂ ಬಂದವು. ಲೆಬಾನಾನವು ಬಂದವು, ಆದರೆ ಒಂದು ಕಡಿಮೆ.

“ಹೊಟ್ಟೆ ಮೇಲೆ ಬಿಳಿ ಮಚ್ಚೆ ಇರೋ ಕಡಸು,” ಎಂದ ಟಿರೆಲೊ. “ನನ್ನ ದೊಡ್ಡೀಲೇ ಹುಟ್ಟಿದ್ದು. ಇನ್ನೂ ಬರೆ ಹಾಕಿಲ್ಲ.”

ಬೊಗಾಡಿಯ ದನ ಬೆಸಸಂಖ್ಯೆಯಲ್ಲಿ ಹೋಗುವಂತಿಲ್ಲ. ಲೆಬಾನಾ ಗೆಳೆಯನತ್ತ ನೋಡಿದ. “ಆ ಕಡಸು ನಿನಗೇ ಅಂತ ಮನಸ್ಸಲ್ಲಿತ್ತು ನಂಗೆ.”

“ಬಾಯಲ್ಲಿ ಬಂದಿತ್ತಾ?”

“ಬಾಯಲ್ಲಿ ಬಂದಿರ್ಲಿಲ್ಲ.”

“ಹಾಗಾದ್ರೆ ಸದ್ಯಕ್ಕೆ ಬಾಯಿ ಮುಚ್ಕೋ. ಹುಡುಗನ ಮದುವೆ ಆಗ್ಲಿ. ಮುಂದಿನ ಕರು ಹುಟ್ಟಿದ ದಿನ ಇದೇ ಗಾಪೆ ಮುಂದೆ ಜೋರಾಗಿ ಹೇಳು, ಬರ್ಕೊಳ್ಲಿ.”

ಹಾಗಾದರೆ ಬರೆಯಿಲ್ಲದ ಕರು ತಾಯಿಯ ಒಡೆಯನದು. ಆದರೆ ತಾಯಿ ಯಾರೆಂಬುದಕ್ಕೆ ಕೋಷ್ಟಕದಲ್ಲಿ ಜಾಗವೇ ಇರಲಿಲ್ಲ. ಗಾಪೆ ಹಸುವಿನ ಸಾಲಿನಿಂದ ಇನ್ನೊಂದು ಹಸುವಿನ ಸಾಲಿಗೆ ಕೊಂಡಿ ಹಾಕಿದ. ಕೋಷ್ಟಕ ತನ್ನ ಕೈಯನ್ನೇ ತಾನು ಹಿಡಿದುಕೊಂಡಿತು. ಟಿರೆಲೊ ಕಣ್ಣು ಮುಚ್ಚಿ ತನ್ನ ದೊಡ್ಡಿಯಲ್ಲಿ ಹುಟ್ಟಿದ ಒಂದೊಂದು ಕರುವಿನ ತಾಯಿ, ತಾಯಿಯ ತಾಯಿ, ಅವುಗಳ ಕೊಂಬಿನ ವಾಲು, ಯಾವ ಅಜ್ಜಿಗೆ ಸಿಟ್ಟು ಜಾಸ್ತಿ ಎನ್ನುವವರೆಗೆ ಹೇಳಿದ. ಮ್ಮಾ ಸೆನ್ವೆಲೊ ಒತ್ತಿದಳು. ಕಡಸು ಬಂದು ತಾಯಿಯ ಪಕ್ಕ ನಿಂತಿತು. ಲೆಕ್ಕ ಸರಿಯಾಯಿತು.

ಗುರುವಾರ ನಕಲಿನ ಮೇಲೆ ಪರೀಕ್ಷೆ. ಶುಕ್ರವಾರ ಮಧ್ಯಾಹ್ನ ಮೂಲದ ಮೇಲೆ, ಆಗುವುದಾದರೆ ಪೂರ್ತಿ ಆಗಲಿ, ಒಂದು ಕಡೆ ಎಡವಿದರೂ ಏನೂ ಆಗದ ಹಾಗೆ ಹಿಂದಕ್ಕೆ ಹೋಗಲಿ ಎಂದು ಒಂದೇ ಗಂಟಿನಲ್ಲಿ ಕಟ್ಟಿ ಓಡಿಸಿದ. ಎಡವಲಿಲ್ಲ. ಮುದ್ರಣಯಂತ್ರ ಕೆಮ್ಮುತ್ತಾ ಕಾಗದ ಉಗುಳಿತು. ಒಡೆಯ: ಲೆಬಾನಾ. ಮೇಯಿಸುವವನು: ಟಿರೆಲೊ. ಲೆಬಾನಾ ಅದನ್ನು ಓದಿ ಗೆಳೆಯನ ಕೈಗೆ ಕೊಟ್ಟ. ಟಿರೆಲೊ ತನ್ನ ಹೆಸರು ತನಗೆ ಸೇರಬೇಕಾದ ಜಾಗದಲ್ಲಿರುವುದನ್ನು ನೋಡಿ ಮೂರು ದಿನದಿಂದ ಹಿಂಡಿದ ಟೋಪಿಯನ್ನು ನೇರ ಮಾಡಿ ತಲೆಗೆ ಹಾಕಿಕೊಂಡ.

“ಗೇಟಿನವನು ತಕರಾರು ಮಾಡಿದ್ರೆ ಉತ್ತರ ಹೇಳೋಕೆ ನೀನೂ ಬಾ” ಎಂದು ಅವರಿಬ್ಬರೂ ಗಾಪೆಯನ್ನು ಹೊರಡಿಸಿದರು. ಗೇಟಿನವನು ಕಾಗದ ನೋಡಿ ಆಕಳಿಸಿ ಬಿಟ್ಟ. ಮೂಡಣ ಇನ್ನೂ ಬೂದಿಬಣ್ಣವಿರುವಾಗ ದನಗಳು ಹೆಣ್ಣಿನ ಮನೆಯ ದೊಡ್ಡಿಯ ಮುಂದೆ ನಿಂತವು. ಮನೆಯ ಹೆಂಗಸರು ಹರ್ಷದಿಂದ ನಾಲಿಗೆ ಹೊರಳಿಸಿ ಕೂಗಿದರು. ಸೋದರಮಾವ ಮೊಸೊಜಾನೆ ಟಾರ್ಚು ಹಿಡಿದು ಕಾಗದದ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದ. ದನ ಎಣಿಸಿದ. ಹೊಟ್ಟೆಯ ಬಿಳಿ ಮಚ್ಚೆಯನ್ನೂ ಬಗ್ಗಿ ನೋಡಿದ. ಕೊನೆಗೆ ತಲೆಯಾಡಿಸಿ ದೊಡ್ಡಿಯ ಅಡ್ಡಗೋಲು ಸರಿಸಿದ. ಲೆಬಾನಾ ಉಸಿರು ಬಿಟ್ಟದ್ದಕ್ಕೆ ಒಂದು ಮುಳ್ಳುಗಿಡ ಬಾಗಿತು.

ದನಗಳು ಒಂದೊಂದಾಗಿ ಒಳಗೆ ಹೋದವು. ಮುಂದಾಳು ಹಸು ಮಾತ್ರ ಬಾಗಿಲಲ್ಲಿ ನಿಂತು, ಮೂಸಿ, ಹಿಂದಿರುಗಿ ಟಿರೆಲೊನ ಊರಿನ ಕಡೆಗೆ ದಾಪುಗಾಲು ಹಾಕಿತು. ಇಬ್ಬರು ಮುದುಕರೂ ಕೋಲು ಬೀಸಿಕೊಂಡು ಹಿಂದೆ ಓಡಿದರು. ಮೊಸೊಜಾನೆ ಹೊಟ್ಟೆ ಹಿಡಿದುಕೊಂಡು ನಕ್ಕ.

“ಏನ್ ಗಾಪೆ! ನಿನ್ನ ಯಂತ್ರದ ಕತೆ ಬೇಲಿ ಈಚೆಗೂ ಬಂದಿದೆ. ನೋಡಯ್ಯಾ, ಹಸು ಇನ್ನೂ ನಿನ್ನ ಹಳೇ ಟೇಬಲ್ಲನ್ನೇ ನಂಬಿದೆ!”

ಗಾಪೆ ಟೋಪಿ ಸರಿಮಾಡಿಕೊಂಡ. “ಯಂತ್ರದೊಳಗಿನ ಟೇಬಲ್ಲು ನಾನು ಸರಿ ಮಾಡಿದ್ದಾಯ್ತು ರ್ರಾ. ಹಸುವಿನ ತಲೆಯೊಳಗಿನದನ್ನ ಸರಿ ಮಾಡೋದು ಹುಲ್ಲು. ಅದು ನಿಮ್ಮ ಇಲಾಖೆ. ನಗೋದು ಬಿಟ್ಟು ಒಂದು ಹೊರೆ ತರ್ಸಿ.”