ಬೆಟ್ಟಕ್ಕೊಂದು ನೆಪ

ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತರೆ ಬೆಟ್ಟ ಬುಡದಿಂದ ತುದಿಯವರೆಗೆ ಕಾಣುತ್ತದೆ. ದೊಡ್ಡ ಬೆಟ್ಟವೇನಲ್ಲ, ಕಾರಿನಲ್ಲಿ ಹೋಗುವವರು ನೋಡಿದರೆ ಗುಡ್ಡ ಅಂದಾರು. ಹನಗೋಡಿನಿಂದ ಕಾಡಿನ ಕಡೆ ಹೋಗುವಾಗ ಎಡಕ್ಕೆ ಸಿಗುತ್ತದೆ. ರಕ್ಷಿತ ಕಾಡಿನ ಹೊರಗೆ, ಕುರುಚಲು ಗಿಡ, ಮುಳ್ಳು, ತುದಿಯಲ್ಲೊಂದು ಬೋಳು ಬಂಡೆ. ಮದುವೆಯಾಗಿ ಬಂದ ಮೊದಲ ವಾರದಿಂದ ನಾನು ಅದನ್ನು ನೋಡುತ್ತಲೇ ಬಟ್ಟೆ ಒಗೆದಿದ್ದೇನೆ. ಮಗಳು ಈಗ ಹುಣಸೂರಿನ ಕಾಲೇಜಿಗೆ ಹೋಗುತ್ತಾಳೆ. ಇಷ್ಟು ವರ್ಷವಾದರೂ ಅದರ ಬುಡಕ್ಕೂ ನಾನು ಹೋಗಿರಲಿಲ್ಲ.

ಯಾರೂ ಬೇಡ ಅಂದಿರಲಿಲ್ಲ. ತೊಂದರೆ ಅದೇ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು, ಜಗಳದಲ್ಲಿ ನಾನೇನು ಹಿಂದೆ ಬೀಳುವವಳಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಒಳ್ಳೆಯವರು, ಕೆಟ್ಟದ್ದು ಕೆಲಸ ಮಾತ್ರ. ಬೆಳಗ್ಗೆ ಹಸು ಕರೆದು ಡೇರಿಗೆ ಹಾಲು ಹಾಕಬೇಕು, ಸಂಜೆ ಮತ್ತೆ ಹಾಕಬೇಕು. ನಾನಲ್ಲದೆ ಬೇರೆಯವರು ಕೂತರೆ ಆ ಹಸು ಒದೆಯುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಮಳೆಗಾಲ ಬಂತೆಂದರೆ ಹೊಗೆಸೊಪ್ಪು. ಸೊಪ್ಪು ಬೇಯಿಸುವ ಮನೆಗೆ ನಮ್ಮ ಕಡೆ ಬ್ಯಾರನ್ ಅನ್ನುತ್ತೇವೆ. ಒಮ್ಮೆ ಅದಕ್ಕೆ ಬೆಂಕಿ ಹಾಕಿದರೆ ಸೊಪ್ಪು ಒಣಗುವ ತನಕ ಯಾರಾದರೂ ಉರಿಯ ಮುಂದೆ ಕೂತಿರಲೇಬೇಕು. ಎತ್ತಿಗೆ ಸೋಮವಾರ ರಜ, ನೊಗ ಇಡುವಂತಿಲ್ಲ. ಬ್ಯಾರನ್ನಿಗೆ ಸೋಮವಾರ ಇಲ್ಲ, ನನಗೂ ಇಲ್ಲ. ಅದು ಮುಗಿದರೆ ಸೊಪ್ಪು ವಿಂಗಡಿಸುವುದು, ಅದರ ನಡುವೆಯೇ ರಾಗಿ ಕೊಯ್ಲು. ಕೆಲವು ದಿನ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಸೊಪ್ಪಿನ ಘಾಟು ಅಂತ ಎಲ್ಲರೂ ಅಂದುಕೊಳ್ಳುತ್ತಿದ್ದರು. ನಾನೂ ಹಾಗೇ ಹೇಳುತ್ತಿದ್ದೆ.

ಸೊಪ್ಪು ಕಟ್ಟಲು ಕಾಡಂಚಿನ ಗಿರಿಜನರ ಹಾಡಿಯಿಂದ ಒಬ್ಬಳು ಕೂಲಿಗೆ ಬರುತ್ತಾಳೆ, ಸುಮಾರು ನನ್ನ ವಾರಿಗೆಯವಳು. ಎದುರುಬದುರು ಕೂತು ಕಡ್ಡಿಗೆ ಎಲೆ ಕಟ್ಟುತ್ತಾ ನಾವಿಬ್ಬರು ಹರಟದ ವಿಷಯವಿಲ್ಲ. ಹೋದ ವರ್ಷ ಹಾಗೆ ಕೂತಿದ್ದಾಗ ಕೇಳಿದೆ, ಆ ಬೆಟ್ಟ ಹತ್ತಿದ್ದೀಯಾ ಅಂತ.

“ಊ ಕಣಕ್ಕ, ಮದ್ವೆಗೆ ಮುಂಚೆ ಎಷ್ಟ್ ಸಲವೋ. ಅಲ್ಲೇನ್ ಕೆಲ್ಸ ನಿಂಗೆ?”

“ಕೆಲ್ಸ ಏನೂ ಇಲ್ಲ. ಸುಮ್ನೆ ಹತ್ತಿ ಇಳಿಯಾಣ ಅಂತ.”

ಅವಳ ಕೈ ನಿಂತಿತು. “ಸುಮ್ನೆ?” ಅಂದಳು. ಆಮೇಲೆ ಬಾಯಿಗೆ ಸೆರಗು ಮುಚ್ಚಿಕೊಂಡು ನಗಲು ಶುರುಮಾಡಿದಳು. ನನಗೂ ನಗು ಬಂತು. ಮದುವೆಗೆ, ಸಾವಿಗೆ, ಆಸ್ಪತ್ರೆಗೆ, ಸಂತೆಗೆ ಹೋಗಿದ್ದೇನೆ. ಸುಮ್ಮನೆ ಅಂತ ಎಲ್ಲಿಗೂ ಹೋದವಳಲ್ಲ. ಆದರೆ ಅವತ್ತು ಬಾಯಿಬಿಟ್ಟು ಹೇಳಿದ ಮೇಲೆ ಆ ಆಸೆ ನನ್ನನ್ನು ಬಿಡಲಿಲ್ಲ. ಒಂದೇ ಒಂದು ದಿನ, ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ, ಯಾರಿಗೂ ಏನೂ ತರದೆ, ಯಾರಿಗೂ ಏನೂ ಬಡಿಸದೆ ಆ ಬಂಡೆಯ ಮೇಲೆ ಕೂತು ಬರಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಅಲ್ಲಿಂದ ಸೊಪ್ಪಿನ ಕಾಲ ಪೂರ್ತಿ ನಮಗೆ ಅದೇ ಮಾತು. ದಾರಿ ಹೇಗೆ ಅಂತ ಕೇಳಿದರೆ, “ದಾರಿ ಎಲ್ಲದೆ? ಆಡು ಓದದ್ದೇ ದಾರಿ” ಅಂದಳು. ಮಗಳ ಮೊಬೈಲಿನಲ್ಲಿ ನಕ್ಷೆ ತೆಗೆಸಿ ನೋಡಿದೆ. ಊರಿನ ಗಲ್ಲಿಗಳೆಲ್ಲ ಬಿಳಿಗೆರೆಯಾಗಿ ಕಾಣುತ್ತಿದ್ದವು, ಬೆಟ್ಟ ಮಾತ್ರ ಬರೀ ಹಸಿರು. “ಅಲ್ಲಿ ರೋಡೇ ಇಲ್ಲ ಅಮ್ಮ, ಯಾಕೆ?” ಅಂದಳು. ಪರೀಕ್ಷೆಗೆ ಓದಿಕೋ ಹೋಗು ಅಂದೆ.

ಕೊನೆಗೆ ನಾವೇ ಒಂದು ದಾರಿ ಗೊತ್ತುಮಾಡಿದೆವು. ಬೇಸಿಗೆಯಲ್ಲಿ ಒಣಗುವ ಹಳ್ಳದ ಮರಳಲ್ಲೇ ನಡೆದು ಬುಡ ಸೇರುವುದು. ಲಾಂಟಾನ ಪೊದೆ ಬಲಕ್ಕೆ ಬಿಟ್ಟು ಎಡದ ಏರಿನಲ್ಲಿ ಹತ್ತುವುದು, ಯಾಕೆಂದರೆ ಪೊದೆಯ ನೆರಳಲ್ಲಿ ಒಂಟಿ ಆನೆ ಹಗಲೆಲ್ಲ ನಿಂತರೂ ಕಾಣುವುದಿಲ್ಲ. ಅರ್ಧಕ್ಕೆ ಎರಡು ಬಂಡೆ ಕೂಡಿಕೊಂಡಿವೆಯಂತೆ. ಅಲ್ಲಿ ಸೀರೆ ಎತ್ತಿ ಕಟ್ಟಿ ನಾಲ್ಕು ಕಾಲಲ್ಲಿ ನುಸುಳಬೇಕು. ಆನೆಗೆ ವಾಸನೆ ಹತ್ತುತ್ತದೆ, ಅದಕ್ಕೆ ಹೂ ಮುಡಿಯಬಾರದು, ಗಮಗಮ ಎಣ್ಣೆ ಹಚ್ಚಬಾರದು, ಹಲಸಿನ ಹಣ್ಣಂತೂ ಮುಟ್ಟಲೇಬಾರದು. ಬಿಸಿಲು ಬಿದ್ದ ಮೇಲೆ ಹೊರಡಬೇಕು. ರಾತ್ರಿ ಹೊಲಕ್ಕೆ ಇಳಿದ ಆನೆಗಳು ಅಷ್ಟರಲ್ಲಿ ಕಾಡು ಸೇರಿರುತ್ತವೆ. ನೀರು ಮೇಲೆಲ್ಲೂ ಸಿಗದು, ಹೊತ್ತೇ ಒಯ್ಯಬೇಕು. ರಾಗಿ ಕಣ ಮುಗಿದು, ಕಾಡಿಗೆ ಬೆಂಕಿ ಬೀಳುವ ಕಾಲಕ್ಕೆ ಮುಂಚೆ ಒಂದು ಸೋಮವಾರ ಹೋಗುವುದೆಂದು ಮಾತಾಯಿತು.

ಮಗಳು ಶಾಲೆಯಲ್ಲಿದ್ದಾಗ ಹಾಕುತ್ತಿದ್ದ ಬಿಳಿ ಕ್ಯಾನ್ವಾಸ್ ಬೂಟು ಅಟ್ಟದಲ್ಲಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವ ಹಾಗೆ, ಇನ್ನೂ ವಾರವಿರುವಾಗಲೇ ಅದನ್ನು ಇಳಿಸಿ ಒಗೆದೆ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಬ್ಯಾರನ್ನಿನ ಹಿಂದೆ ಹಾಕಿಕೊಂಡು ನಡೆದು ನೋಡುತ್ತಿದ್ದೆ. ಬೆರಳು ಸ್ವಲ್ಪ ಒತ್ತುತ್ತಿತ್ತು. ತಿರುಗಿದರೆ ಅತ್ತೆ ನಿಂತಿದ್ದರು.

“ಇದೇನಮ್ಮಿ ಯೇಸ? ಎಲ್ಲಿಗೆ ಸವಾರಿ?”

ನಾನು ಆಗ ಹೇಳಬಹುದಿತ್ತು. ಸುಮ್ಮನೆ ಬೆಟ್ಟ ಹತ್ತಬೇಕು ಅತ್ತೆಮ್ಮ, ಅಂತ. ಬೈಯುತ್ತಿದ್ದರೋ ನಗುತ್ತಿದ್ದರೋ, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ‘ಸುಮ್ಮನೆ’ ಅನ್ನುವುದೂ ಒಂದು ಕಾರಣ ಅಂತ ನನಗೇ ಅನ್ನಿಸಲಿಲ್ಲ. ಬಂಡೆಯ ಹತ್ತಿರ ಒಂದು ಅಮ್ಮನ ಕಲ್ಲು ಇದೆ, ಹಿಂದೆ ಯಾರೋ ಪೂಜೆ ಮಾಡುತ್ತಿದ್ದರಂತೆ ಅಂತ ಕೇಳಿದ್ದೆ. ಬಾಯಿಗೆ ಅದೇ ಬಂತು.

“ಬೆಟ್ಟದಮ್ಮಂಗೆ ಒಂದು ಹರಕೆ ಹೊತ್ತಿದ್ದೆ ಅತ್ತೆಮ್ಮ. ಹೋಗಿ ಕಾಯಿ ಒಡೆದು ಬರಾಣ ಅಂತ.”

ಅತ್ತೆಯ ಮುಖ ಒಂದೇ ಸಲ ಮೆತ್ತಗಾಯಿತು. ಕೆನ್ನೆ ಕೆನ್ನೆ ಬಡಿದುಕೊಂಡರು. “ಅಯ್ಯೋ ತಾಯೀ, ಬಾಯ್ಬುಟ್ಟು ಯೋಳ್ಬಾರ್ದಾ? ಅರಕೆ ತೀರ್ಸಾಕೆ ಬೂಟ್ ಆಕ್ಕಂಡೋದಾರಾ? ತಗೀ ಮೊದ್ಲು.”

ತೆಗೆದೆ.

ಹರಕೆ ಅಂದಮೇಲೆ ಅದು ನನ್ನೊಬ್ಬಳದಾಗಿ ಉಳಿಯುತ್ತದೆಯೇ? ಸಂಜೆಯೊಳಗೆ ಮನೆಗೆಲ್ಲ ಗೊತ್ತಾಯಿತು, ಮಾರನೆಯ ದಿನ ಬೀದಿಗೆ. ಅಮ್ಮನಿಗೆ ಹರಕೆಯಾದರೆ ಮರಿ ಕುಯ್ಯಬೇಕು, ಮರಿ ಕುಯ್ದರೆ ನೆಂಟರನ್ನು ಕರೆದು ಉಣಬಡಿಸಬೇಕು. ಪರ ಅನ್ನುತ್ತಾರೆ ಅದಕ್ಕೆ. ಸೋಮವಾರ ಬಾಡು ತಿನ್ನುವಂತಿಲ್ಲ, ಅದಕ್ಕೆ ದಿನ ಭಾನುವಾರಕ್ಕೆ ಹೋಯಿತು. ಪಿರಿಯಾಪಟ್ಟಣದಿಂದ ನಾದಿನಿಯರು, ಕೆ.ಆರ್. ನಗರದ ಕಡೆಯಿಂದ ನನ್ನ ತವರಿನವರು, ಬೀದಿಯವರು, ಎಲ್ಲರಿಗೂ ಹೇಳಿಕಳಿಸಿದ್ದಾಯಿತು. ಟ್ರ್ಯಾಕ್ಟರಿಗೆ ಶಾಮಿಯಾನದ ಬಟ್ಟೆ, ದೊಡ್ಡ ಪಾತ್ರೆ, ಸೌದೆ. ಯಾರಿಗಾಗಿ, ಯಾಕೆ ಹರಕೆ ಅಂತ ಒಬ್ಬರೂ ಕೇಳಲಿಲ್ಲ. ತೀರಿಸುವ ಮುಂಚೆ ಹರಕೆಯ ಕಾರಣವನ್ನು ಬಾಯಿಬಿಟ್ಟು ಹೇಳಬಾರದು ಅನ್ನುವುದು ನಮ್ಮಲ್ಲಿ ವಾಡಿಕೆ.

ಕೇಳದಿದ್ದರೂ ನನ್ನ ಗಂಡ ಅದು ತಮಗಾಗಿಯೇ ಅಂತ ಅರ್ಥಮಾಡಿಕೊಂಡಿದ್ದರು. ಅದಕ್ಕೂ ಹಿಂದಿನ ವರ್ಷ ಅವರಿಗೆ ಡೆಂಗೆ ಜ್ವರ ಬಂದು ಮೈಸೂರಿನ ಆಸ್ಪತ್ರೆಯಲ್ಲಿ ಉಳಿದದ್ದೇ ಹೆಚ್ಚಾಗಿತ್ತು. ಹರಕೆಯ ಸುದ್ದಿ ಕೇಳಿದ ದಿನ ಅವರು ಹಿತ್ತಲಿಗೆ ಬಂದು, ನಾನು ಸೇದುತ್ತಿದ್ದ ಬಾವಿಯ ಹಗ್ಗ ಕೈಯಿಂದ ತೆಗೆದುಕೊಂಡು ತಾವೇ ನೀರು ಸೇದಿ ತುಂಬಿಸಿದರು. ಇಷ್ಟು ವರ್ಷದ ಸಂಸಾರದಲ್ಲಿ ಅದು ಮೊದಲು. ನಾನು ನಾಚಿಕೆಯಿಂದ ಕುಗ್ಗಿಹೋದೆ.

ಸಾರು ಮಾಡಲು ಕೈಯಾಳು ಬೇಕೆಂದು ಅವಳನ್ನೂ ಕರೆದರು, ನನ್ನ ಜೊತೆ ಸೊಪ್ಪು ಕಟ್ಟುವವಳನ್ನು. ಅವಳು ಬಂದವಳೇ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಎಳೆದು ಬೈದಳು.

“ನಡ್ಯಾಕೋಯ್ತೀನಿ ಅನ್ನಾಕೆ ದೇವ್ರ್ನ ಯಾಕಕ್ಕ ಎಳ್ಕಂಡ್ ಬಂದೆ? ನಾವಿಬ್ರೂ ಸೌದೆಗೆ ಅಂದಿದ್ರೆ ಆಗಿತ್ತಲ್ಲ!”

ಹೌದು, ಸೌದೆ. ಅಷ್ಟು ಸುಲಭದ ಸುಳ್ಳು ನನಗೆ ಹೊಳೆದೇ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡೆ. ಆದರೂ ಒಂದು ಆಸೆ ಉಳಿದಿತ್ತು. ಎಷ್ಟೇ ಜನ ಬರಲಿ, ಹರಕೆ ಹೊತ್ತವಳು ನಾನು, ನಾನಂತೂ ಹತ್ತಲೇಬೇಕಲ್ಲ. ಕೈಯಲ್ಲಿ ತಟ್ಟೆ ಇರುತ್ತದೆ, ಹಿಂದೆ ಜನ ಇರುತ್ತಾರೆ. ಇರಲಿ, ಕಾಲು ನನ್ನದೇ ತಾನೆ.

ಭಾನುವಾರ ಬೆಳಗ್ಗೆ ಹಸುವನ್ನು ನಾದಿನಿ ಕರೆದಳು. ಅದು ಒದೆಯಲೂ ಇಲ್ಲ, ಬಾಲ ಬೀಸಲೂ ಇಲ್ಲ. ಬೆಟ್ಟದ ಬುಡದಲ್ಲಿ ಹುಣಸೆಮರದ ಕೆಳಗೆ ಒಲೆ ಹೂಡಿದರು. ಸ್ನಾನ ಮಾಡಿ ಮಡಿಯುಟ್ಟು, ಬರಿಗಾಲಲ್ಲಿ, ಕಾಯಿ ಕರ್ಪೂರದ ತಟ್ಟೆ ಹಿಡಿದು ನಾನು ಮುಂದೆ ನಿಂತೆ. ಮೇಲೆ ನೋಡಿದೆ. ಹಿತ್ತಲಿಂದ ಕಾಣುವುದಕ್ಕಿಂತ ಕಡಿದಾಗಿತ್ತು. ಎಡದ ಏರು, ಲಾಂಟಾನ, ಕೂಡಿಕೊಂಡ ಬಂಡೆ, ಎಲ್ಲ ಅವಳು ಹೇಳಿದ್ದ ಹಾಗೇ ಇದ್ದವು.

ಅಷ್ಟರಲ್ಲಿ ಗಂಡನ ಅಣ್ಣ, ನಮ್ಮ ಭಾವ, ಹಳ್ಳದ ಕಡೆಯಿಂದ ಬಂದರು. “ಆನೆ ಲದ್ದಿ ಬಿದ್ದದೆ. ಇನ್ನೂ ಅಸಿ ಅದೆ. ಎಂಗುಸ್ರು ಯಾರೂ ಬ್ಯಾಡಿ, ಓಡಾಕಾಗಕಿಲ್ಲ.” ಅತ್ತೆ ಇನ್ನೊಂದು ಕಾರಣ ಕೊಟ್ಟರು, “ಇವ್ಳು ಓದ್ರೆ ಸಾರಿಗೆ ಕಾರ ರುಬ್ಬೋರ್ಯಾರು? ನೂರ್ ಜನದ ಸಾರು ಇವ್ಳ್ ಕೈಗೇ ಸರಿ.” ನಾನು, “ಹರಕೆ ನಂದು, ನಾನೇ ಹೋಗಬೇಕು” ಅಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಎಲ್ಲರೂ ತಿರುಗಿ ನೋಡಿದರು.

ಆಗ ಗಂಡ ಚಪ್ಪಲಿ ಬಿಟ್ಟು ನನ್ನ ಹತ್ತಿರ ಬಂದರು. “ನಂಗೋಸ್ಕರ ಅರಕೆ ಒತ್ತಿದ್ದೀಯ. ನಾನೇ ಅತ್ತಿ ತೀರಿಸ್ತೀನಿ, ಬುಡು. ಅಮ್ಮ ಒಪ್ಕತಾಳೆ.” ಅವರ ಕಣ್ಣು ತುಂಬಿತ್ತು. ಅಷ್ಟು ಜನರ ಮುಂದೆ ಅವರು ಹಾಗೆ ಮಾತಾಡಿದ್ದೂ ಅದೇ ಮೊದಲು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ತಟ್ಟೆ ಕೊಟ್ಟುಬಿಟ್ಟೆ.

ಗಂಡಸರು ಗದ್ದಲ ಮಾಡುತ್ತಾ ಹತ್ತಿಹೋದರು. ನಾನು ಕಾರ ರುಬ್ಬಿದೆ, ಈರುಳ್ಳಿ ಹೆಚ್ಚಿದೆ, ಮುದ್ದೆಗೆ ಎಸರಿಟ್ಟೆ. ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಹೊಗೆ ಇಲ್ಲದಿದ್ದರೂ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ, ನಾನು ಅಳುತ್ತಿದ್ದೆ. ಎಷ್ಟು ಭಕ್ತಿ ಇವಳಿಗೆ ಅಂತ ನಾದಿನಿಯರು ಪಿಸುಗುಟ್ಟಿಕೊಂಡರು. ಪಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದ ಹಾಡಿಯವಳಿಗೆ ಮಾತ್ರ ಗೊತ್ತಿತ್ತು. ಅವಳು ಅವತ್ತು ನಗಲಿಲ್ಲ.

ಹೊತ್ತು ಇಳಿಯುವಾಗ ಅವರೆಲ್ಲ ಇಳಿದು ಬಂದರು. ಅಮ್ಮನ ಕಲ್ಲಿನ ಮೇಲಿಟ್ಟ ಹೂ ಬಲಕ್ಕೇ ಬಿತ್ತಂತೆ. ಇನ್ನೇನು ಬೇಕು? ಬೆಟ್ಟದಮ್ಮನಿಗೆ ಪ್ರತಿ ವರ್ಷ ಇದೇ ಜಾಗದಲ್ಲಿ ಪರ ಆಗಲೇಬೇಕೆಂದು ಭಾವ ಅಲ್ಲೇ ತೀರ್ಮಾನ ಹೇಳಿದರು. ಎಲ್ಲರೂ ಹೂಂ ಅಂದರು. ಊಟ ಚೆನ್ನಾಗಿತ್ತು ಅಂತಲೂ ಅಂದರು.

ಗಂಡ ಕುಂಟುತ್ತಾ ಬಂದು ಹುಣಸೆಮರದ ಬೇರಿನ ಮೇಲೆ ಕೂತರು. ಎರಡೂ ಪಾದದ ತುಂಬ ಮುಳ್ಳು. ನಾನು ಸೆರಗಿನ ಪಿನ್ನು ಬಿಚ್ಚಿ, ಒಂದು ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯಲು ಕೂತೆ.

“ಮೇಲೆ ಹೇಗಿತ್ತು?” ಅಂದೆ.

“ಏನ್ ಗಾಳಿ ಕಣಮ್ಮಿ! ಪೂಜೆ ಆದ್ಮೇಲೆ ಅವ್ರ್ನೆಲ್ಲ ಮುಂದೆ ಕಳಿಸ್ಬುಟ್ಟು ಬಂಡೆ ಮೇಲೆ ಒಬ್ನೇ ಕೂತಿದ್ದೆ. ಯಾರ್ ಮಾತೂ ಇಲ್ಲ, ಯಾವ್ ಕೆಲ್ಸನೂ ಇಲ್ಲ. ಮೈಯೆಲ್ಲ ಅಗುರಾಗೋಯ್ತು.”

ಪಿನ್ನು ಅವರ ಚರ್ಮಕ್ಕೆ ಚುಚ್ಚಿತು. ಈಗ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಹರಕೆ ಇರಲೇ ಇಲ್ಲ, ಹಾಗೆ ಕೂರುವುದಕ್ಕೆ ನಾನು ಹೊರಟಿದ್ದು, ಅಂತ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

“ನನ್ ಉಸ್ರು ಇರೋಗಂಟ ಪ್ರತಿ ವರ್ಸ ನಾನೇ ಅತ್ತುತೀನಿ. ನಿನ್ ಕಾಲಿಗ್ ಒಂದ್ ಮುಳ್ಳು ಚುಚ್ಚಾಕೆ ಬುಡಾಕಿಲ್ಲ.”

“ಇನ್ನೊಂದು ಕಾಲು ಕೊಡಿ” ಅಂದೆ.